ಕೋಬುರ್ಗ್ ಸಂತನ ಕಿವಿಯೋಲೆ

ಜರ್ಮನಿಯ ಬವೇರಿಯಾದಲ್ಲಿ ಕೋಬುರ್ಗ್ ಅಂತ ಒಂದು ಊರಿದೆ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್‌ನ ಮನೆತನದ ಊರು. ಆದರೆ ಊರಿನ ಲಾಂಛನದಲ್ಲಿರೋದು ಒಬ್ಬ ಕಪ್ಪು ಮನುಷ್ಯನ ತಲೆ. ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಅದೇ. ಫೋಟೋ ನೋಡಿ ನಾನು ಮುಖ ಸಿಂಡರಿಸಿದ್ದೆ. ಆಮೇಲೆ ಗೊತ್ತಾಯ್ತು, ಅವನು ಊರು ಕಾಯೋ ಸಂತ ಮಾರಿಸ್. ಈಜಿಪ್ಟಿನಿಂದ ಬಂದ ರೋಮನ್ ದಂಡನಾಯಕ, ಕ್ರೈಸ್ತರನ್ನು ಕೊಲ್ಲಲಾರೆ ಅಂದು ತಲೆ ಕೊಟ್ಟವನು ಅಂತ ಐತಿಹ್ಯ.

ನಾಜಿಗಳಿಗೆ ಈ ಮುಖ ಸಹಿಸೋಕಾಗಲಿಲ್ಲ. 1934ರಲ್ಲಿ ಅವನನ್ನು ಕಿತ್ತು, ಹಿಡಿಯಲ್ಲಿ ಸ್ವಸ್ತಿಕ ಇರೋ ಕತ್ತಿ ಇಟ್ಟರು. 1945ರಲ್ಲಿ ಸಂತ ವಾಪಸ್ ಬಂದ. 2020ರಲ್ಲಿ, ಇದು ಕಪ್ಪು ಜನರಿಗೆ ಅವಮಾನ, ತೆಗೀರಿ ಅಂತ ಮನವಿ ಹೊರಟಾಗ, ಉಳಿಯಲಿ ಅನ್ನೋರು ಮುಂದಿಟ್ಟಿದ್ದು ಇದೇ ಇತಿಹಾಸವನ್ನ.

ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ನಾಜಿಗಳು ದ್ವೇಷಿಸಿದ್ರು ಅಂದಮಾತ್ರಕ್ಕೆ ಚಿತ್ರ ಚೆನ್ನಾಗಿದೆ ಅಂತಾಗಲ್ಲ. ದಪ್ಪ ತುಟಿ, ಗುಂಗುರು ಕೂದಲು, ಕಿವಿಗೊಂದು ಓಲೆ. ಇದರಲ್ಲಿ ಸಂತ ಎಲ್ಲಿದ್ದಾನೆ, ದಂಡನಾಯಕ ಎಲ್ಲಿದ್ದಾನೆ? ಮ್ಯಾಗ್ಡೆಬುರ್ಗ್ ಕೆಥೆಡ್ರಲ್‌ನಲ್ಲಿ ಇದೇ ಮಾರಿಸ್‌ನ 13ನೇ ಶತಮಾನದ ಪ್ರತಿಮೆ ಇದೆ, ಒಮ್ಮೆ ಹುಡುಕಿ ನೋಡಿ. ಮೈತುಂಬ ಕವಚ, ಎದುರಿಗೆ ನಿಂತು ಮಾತಾಡಿಸಬಹುದು ಅನ್ನಿಸೋ ಆಫ್ರಿಕನ್ ಯೋಧನ ಮುಖ. ಕೋಬುರ್ಗ್ ತನ್ನ ಸಂತನನ್ನು ಕಳಿಸೋದು ಬೇಡ. ಓಲೆ ಬಿಚ್ಚಿಸಿ, ಕವಚ ತೊಡಿಸಿ, ಹೊಸದಾಗಿ ಬರೆಸಲಿ.