ಬಿಡುಗಡೆಯಾಗದ ಧ್ವನಿಮುದ್ರಣಗಳೂ ಪಾಠಾಂತರ ವಿಚಾರವೂ

ಓಲೆಯ ಪ್ರತಿಗಳಲ್ಲಿ ಒಂದೇ ಪದ್ಯವು ಹಲವು ಬಗೆಯಾಗಿ ಕಂಡಾಗ, ಕವಿಯದು ಯಾವುದು, ಲಿಪಿಕಾರನ ಕೈವಾಡ ಯಾವುದು ಎಂದು ವಿವೇಚಿಸುವ ಕ್ರಮವನ್ನು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನಮಗೆ ಕಲಿಸಿಕೊಟ್ಟಿದೆ. ಈ ಕ್ರಮವನ್ನು ಧ್ವನಿಮುದ್ರಣಗಳಿಗೂ ಅನ್ವಯಿಸಬಹುದೆ ಎಂಬುದು ಈ ಲೇಖನದ ಪ್ರಶ್ನೆ. ಉದಾಹರಣೆಗಾಗಿ ಇಂಗ್ಲೆಂಡಿನ ಬೀಟಲ್ಸ್ ಎಂಬ ರಾಕ್ ತಂಡವನ್ನು ತೆಗೆದುಕೊಂಡಿದ್ದೇವೆ. ಕನ್ನಡ ವಿದ್ಯಾರ್ಥಿಗೆ ಇದರಿಂದೇನು ಎಂಬ ಆಕ್ಷೇಪಕ್ಕೆ ಉತ್ತರ ಕೊನೆಯಲ್ಲಿ ದೊರೆಯುವುದು.

1970ರಲ್ಲಿ ಒಡೆದುಹೋದ ಈ ತಂಡದ ಅಪ್ರಕಟಿತ ಮುದ್ರಣಗಳು ‘ಆಂಥಾಲಜಿ’ ಎಂಬ ಹೆಸರಿನಲ್ಲಿ 1995–96ರಲ್ಲಿ ಮೂರು ಸಂಪುಟಗಳಾಗಿ ಹೊರಬಂದುವು. ಇವುಗಳ ಬೆಲೆಯನ್ನು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಹಾಡೊಂದರಿಂದಲೇ ತಿಳಿಯಬಹುದು. 1966ರ ನವೆಂಬರಿನಲ್ಲಿ ಮುದ್ರಿತವಾದ ಮೊದಲ ಪಾಠವು ಚರಣದಿಂದ ಆರಂಭವಾಗುತ್ತದೆ. 1967ರ ಫೆಬ್ರವರಿಯಲ್ಲಿ ಪ್ರಕಟವಾದ ಪಾಠವು ಪಲ್ಲವಿಯಿಂದ. ಬದಲಾವಣೆ ಅಲ್ಪವೆಂದು ತೋರಬಹುದು, ಪರಿಣಾಮ ಅಲ್ಪವಲ್ಲ. ಮೊದಲ ಪಾಠದಲ್ಲಿ ಒಬ್ಬನು ತನ್ನಷ್ಟಕ್ಕೆ ತಾನೇ ಆಡಿಕೊಳ್ಳುವ ಮಾತು ಕೇಳಿಬರುತ್ತದೆ. ಪ್ರಕಟಿತ ಪಾಠದಲ್ಲಿ ಅವನೇ ಕೇಳುಗನ ಕೈಹಿಡಿದು ಕರೆದೊಯ್ಯುತ್ತಾನೆ. ಅದೂ ಅಲ್ಲದೆ, ಪ್ರಕಟಿತ ಹಾಡು ಏಳನೆಯ ಮತ್ತು ಇಪ್ಪತ್ತಾರನೆಯ ಪಾಠಗಳನ್ನು ಬೆಸೆದು ಮಾಡಿದುದು. ಶ್ರುತಿಯೂ ಗತಿಯೂ ಬೇರೆಯಾಗಿದ್ದ ಇವನ್ನು ಟೇಪಿನ ವೇಗವನ್ನು ಹೊಂದಿಸಿ ಕೂಡಿಸಲಾಯಿತು. ಅಪ್ರಕಟಿತ ಪಾಠಗಳು ಇಲ್ಲದಿದ್ದರೆ ಈ ಬೆಸುಗೆಯ ಹಿಂದಿನ ವಿವೇಚನೆ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಪ್ರಕ್ಷಿಪ್ತದ ಪ್ರಶ್ನೆಯೂ ಇಲ್ಲಿ ಉಂಟು. ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಎಂಬ ಹಾಡಿಗೆ 1970ರಲ್ಲಿ ಫಿಲ್ ಸ್ಪೆಕ್ಟರನು ತಂತಿವಾದ್ಯಗಳನ್ನೂ ಗಾಯಕವೃಂದವನ್ನೂ ಸೇರಿಸಿದನು. ಹಾಡನ್ನು ರಚಿಸಿದ ಪಾಲ್ ಮೆಕಾರ್ಟ್ನಿಗೆ ಇದು ಸಮ್ಮತವಾಗಿರಲಿಲ್ಲ. ‘ಆಂಥಾಲಜಿ’ಯ ಮೂರನೆಯ ಸಂಪುಟದಲ್ಲಿ ಈ ಅಲಂಕಾರವಿಲ್ಲದ ಪಾಠ ಸಿಕ್ಕುತ್ತದೆ. ಅಲ್ಲಿ ಹಾಡಿನ ದುಃಖವು ತನ್ನ ಅಳತೆಯಲ್ಲಿಯೇ ನಿಂತಿದೆಯೆಂದು ನಮಗೆ ತೋರುತ್ತದೆ.

ಆದರೆ ದೋಷವನ್ನೂ ಹೇಳಬೇಕು. ಎರಡನೆಯ ಸಂಪುಟದಲ್ಲಿರುವ ‘ಎ ಡೇ ಇನ್ ದಿ ಲೈಫ್’ ಎಂಬುದು ಹಲವು ಪಾಠಗಳ ತುಣುಕುಗಳನ್ನು ಜೋಡಿಸಿದ ಸಂಕರಪಾಠ. ಅದೇ ರೂಪದಲ್ಲಿ ಅದನ್ನು ತಂಡವು ಎಂದೂ ಹಾಡಿದುದಿಲ್ಲ. ಕೇಳಲು ಇಂಪಾಗಿದ್ದರೂ ಸಾಕ್ಷ್ಯವಾಗಿ ಅದು ದುರ್ಬಲ. ಸಂಪಾದಕನು ರಸಿಕನಾಗುವುದು ತಪ್ಪಲ್ಲ. ರಸಿಕತೆಗಾಗಿ ಆಕರವನ್ನು ತಿದ್ದುವುದು ತಪ್ಪು.

ಹಾಗಾದರೆ ಕಲಾವಿದನು ಬದಿಗಿಟ್ಟುದನ್ನು ಹೊರತರುವ ಅಧಿಕಾರ ಯಾರದು? 1962ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಸಾಧಾರಣ ಟೇಪಿನ ಮೇಲೆ ಹಿಡಿದ ಹಾಡುಗಳು 1977ರಲ್ಲಿ ತಂಡದ ಒಪ್ಪಿಗೆಯಿಲ್ಲದೆ ಪ್ರಕಟವಾದುವು. 1998ರಲ್ಲಿ ಲಂಡನ್ನಿನ ನ್ಯಾಯಾಲಯವು ತಂಡದ ಪರವಾಗಿ ತೀರ್ಪಿತ್ತಿತು. ಸಂಗ್ರಹಿಸುವುದು ಬೇರೆ, ಪ್ರಕಟಿಸುವುದು ಬೇರೆ ಎಂಬ ಭೇದವನ್ನು ಈ ಪ್ರಸಂಗವು ಎತ್ತಿತೋರಿಸುತ್ತದೆ. ಅಭ್ಯಾಸಿಗೆ ಮೊದಲನೆಯದು ಕರ್ತವ್ಯ. ಎರಡನೆಯದಕ್ಕೆ ಹಾಡಿದವರ ಅನುಮತಿ ಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯದ ಬಳಿಯ ಶಾಸನದಲ್ಲಿ ಜನ್ನನ ಪದ್ಯಗಳಿವೆ. ‘ಯಶೋಧರ ಚರಿತೆ’ (1209), ‘ಅನಂತನಾಥ ಪುರಾಣ’ (1230) ಇವುಗಳಿಂದ ಮಾತ್ರ ಕವಿಯನ್ನು ಬಲ್ಲವರಿಗೆ, ಅವನ ಕಾವ್ಯಗ್ರಂಥಗಳ ಹೊರಗೆ ಉಳಿದುಬಂದ ದನಿ ಇದು. ಇದರಿಂದ ‘ಯಶೋಧರ ಚರಿತೆ’ಯ ಸ್ಥಾನ ಕದಲುವುದಿಲ್ಲ; ಆ ಕೃತಿಯ ಕಡೆಗೆ ಕವಿ ನಡೆದ ದಾರಿ ಮಾತ್ರ ಕಾಣುತ್ತದೆ. ಬಿಡುಗಡೆಯಾಗದ ಧ್ವನಿಮುದ್ರಣದ ಬೆಲೆಯೂ ಇಷ್ಟೇ, ಇದಕ್ಕಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ.

ಜನ್ನನ ಮಾತನ್ನು ಕಲ್ಲು ಕಾಯ್ದಿತು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಿನ ಹಳ್ಳಿಗಳಲ್ಲಿ ಭಜನೆ, ತತ್ತ್ವಪದ, ವೀರಗಾಸೆಯ ಒಡಪು, ಮೂಡಲಪಾಯದ ಭಾಗವತಿಕೆ ಇವುಗಳನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟವರಿಗೆ ಆ ಭಾಗ್ಯವಿಲ್ಲ. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ನುಡಿಸುವ ಯಂತ್ರ ಕೆಟ್ಟಮೇಲೆ ಪೆಟ್ಟಿಗೆ ಗುಜರಿಯ ಪಾಲಾಗುತ್ತದೆ. ಬೀಟಲ್ಸರ ಪಾಠಗಳನ್ನು ವಿವೇಚಿಸಲು ಸಾಧ್ಯವಾದುದು ಅವು ಉಳಿದುದರಿಂದ ಮಾತ್ರವಲ್ಲ. ಯಾವ ದಿನ, ಎಷ್ಟನೆಯ ಬಾರಿ ಎಂಬುದನ್ನು ಸ್ಟುಡಿಯೋದವರು ಬರೆದಿಟ್ಟುದರಿಂದ. ನಮ್ಮ ಕ್ಯಾಸೆಟ್ಟುಗಳ ಮೇಲೆ ಅನೇಕ ವೇಳೆ ಊರಿನ ಹೆಸರೂ ಇರುವುದಿಲ್ಲ. ಭಾಗವತರು ಒಂದೇ ಪ್ರಸಂಗವನ್ನು ಎರಡು ಊರುಗಳಲ್ಲಿ ಎರಡು ಬಗೆಯಾಗಿ ಹಾಡಿದ್ದರೆ, ಆ ಭೇದವು ಮರೆವೋ ಪ್ರತಿಭೆಯೋ ಎಂದು ನಿರ್ಣಯಿಸುವುದು ಹೇಗೆ?

ಆದುದರಿಂದ ಈ ಮೂರು ಊರುಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ನಮ್ಮ ವಿಜ್ಞಾಪನೆ ಸರಳವಾದುದು. ಮನೆಯಲ್ಲಿ ಅಂಥ ಕ್ಯಾಸೆಟ್ಟು ಇದ್ದರೆ, ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಮದ್ದಳೆ ಮುಖವೀಣೆಗಳಿಗೆ ಯಾರು ಕುಳಿತಿದ್ದರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡತಕ್ಕದ್ದು. ಅನಂತರ ಪ್ರತಿ ಮಾಡಿಸತಕ್ಕದ್ದು. ಅದರ ಗುಣದೋಷಗಳ ವಿಮರ್ಶೆ ಮುಂದಿನವರಿಂದಲೂ ಆದೀತು. ಈ ವಿವರಗಳನ್ನು ಕೇಳಿ ತಿಳಿಯುವ ಅವಕಾಶ ಮುಂದಿನವರಿಗೆ ಇರಲಾರದು.