ಸದ್ದಡಗಿದ ಮಹಾಗನಿ

ಥೇಮ್ಸ್ ನದಿಯ ಹಳೆಯ ಮಹಾಗನಿ ಮೋಟಾರು ದೋಣಿಗಳ ಎಂಜಿನ್ ಇಳಿಸಿ ವಿದ್ಯುತ್ ಮೋಟಾರು ಕೂರಿಸುವವರ ಕೈಚಳಕ ನನಗೆ ಬಲು ಇಷ್ಟ. ಎಂಜಿನ್ ಹೋದೊಡನೆ ದೋಣಿ ಹಗುರಾಗಿ ಮೇಲೇಳುತ್ತದೆ. ಬ್ಯಾಟರಿಗಳನ್ನು ತಳದ ಅಡಿಮರದ ಇಕ್ಕೆಲಗಳಲ್ಲಿ ಹಿಂದೆ ಮುಂದೆ ಸರಿಸುತ್ತ, ಹಳೆಯ ನೀರಗೆರೆ ಮತ್ತೆ ನೀರಿಗೆ ತಾಗುವವರೆಗೂ ಅವರು ಬಿಡುವುದಿಲ್ಲ. ಮೋಟಾರು ಕೂರುವುದು ಎಂಜಿನ್ನಿನ ಹಳೆಯ ಮರದ ಪೀಠದ ಮೇಲೆಯೇ. ಒಳ್ಳೆಯ ಕಸುಬುದಾರ ಒಂದು ಪಕ್ಕೆಲುಬನ್ನೂ ಕೊಯ್ಯುವುದಿಲ್ಲ.

ನಿಜವಾದ ಜಾಣ್ಮೆ ಕಾಣುವುದು ಮೋಟಾರಿಗೆ ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವಾಗ. ನೆಲದ ಮೇಲೆ ನೇರವಾಗಿದ್ದದ್ದು ನೀರಿಗಿಳಿದ ಮೇಲೆ ಹಾಗಿರುವುದಿಲ್ಲ: ಹಲಗೆ ನೀರು ಕುಡಿದು ಉಬ್ಬುತ್ತದೆ, ಒಡಲು ಚೂರು ಬಾಗುತ್ತದೆ. ಹಾಗಾಗಿ ದೋಣಿ ತೇಲುತ್ತಿರುವಾಗಲೇ, ಎರಡೂ ಕೂಡುವ ಜೋಡುತಟ್ಟೆಗಳ ನಡುವೆ ಕೂದಲೆಳೆಯಂಥ ಉಕ್ಕಿನ ಪಟ್ಟಿ ತೂರಿಸಿ, ಸುತ್ತಲೂ ಸಂದು ಒಂದೇ ಸಮ ಇದೆಯೇ ಎಂದು ಬೆರಳಲ್ಲೇ ಓದುತ್ತಾರೆ. ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಸಣ್ಣ ಸೊಟ್ಟೂ ಮೋಟಾರಿನ ಮೌನದಲ್ಲಿ ಗುಂಯ್‌ಗುಟ್ಟಿ ಚಾಡಿ ಹೇಳಿಬಿಡುತ್ತದೆ! ಮೋಟಾರು ಮೊದಲ ಸುತ್ತಿನಿಂದಲೇ ಬಲ ಕೊಡುವುದರಿಂದ ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಿದರೂ ಸಾಕು.

ಇದೇನೂ ಹೊಸ ಶೋಕಿಯಲ್ಲ. 1881ರಲ್ಲೇ ಫ್ರೆಂಚ್ ಆವಿಷ್ಕಾರಕ ಗುಸ್ತಾವ್ ಟ್ರೂವೆ ಪ್ಯಾರಿಸ್‌ನ ಸೀನ್ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿದ್ದ. ವೇಗದ ಹುಚ್ಚಿನವರಿಗೆ ಮಾತ್ರ ಇದು ಹೇಳಿಸಿದ್ದಲ್ಲ. ಇಂಥ ಒಡಲಿನಲ್ಲಿ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು.