ಹಾಸಿಗೆಯಾಚೆಯ ಚಿಕಿತ್ಸೆ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ವೆಚ್ಚವನ್ನು ಭರಿಸುತ್ತದೆ. ಮೊತ್ತವು ಅಲ್ಪವಲ್ಲ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ ಸಲ್ಲುವಂಥದು. ಸೆರೆಬ್ರಲ್ ಪಾಲ್ಸಿಯುಳ್ಳ ಮಗುವಿಗೆ ನಿತ್ಯವೂ ಬೇಕಾದುದು ಆಸ್ಪತ್ರೆಯ ಹಾಸಿಗೆಯಲ್ಲ; ತಪ್ಪದೆ ನಡೆಯುವ ಫಿಸಿಯೋಥೆರಪಿ, ಮಾತಿನ ತರಬೇತಿ, ಅಲ್ಲಿಗೆ ಹೋಗಿಬರಲು ವಾಹನ.

ಇಂಥ ಅಗತ್ಯಗಳಿಗೆ ಒದಗುವುದು ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆ. 1 ಲಕ್ಷ ರೂಪಾಯಿಗಳ ಮಿತಿಯೊಳಗೆ ಹೊರರೋಗಿ ಚಿಕಿತ್ಸೆ, ಥೆರಪಿ, ಪ್ರಯಾಣವೆಚ್ಚಗಳೂ ಇದರಲ್ಲಿ ಸೇರಿವೆ. ತತ್ತ್ವತಃ ಇದೇ ಸರಿಯಾದ ದಾರಿ. ಆದರೆ 1999ರ ಕಾಯಿದೆಯನ್ನು ಅನುಸರಿಸಿದ ಈ ವಿಮೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಎಂಬ ನಾಲ್ಕಕ್ಕೇ ನಿಲ್ಲುತ್ತದೆ. 2016ರ ಅಧಿನಿಯಮವಾದರೋ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಹಿಮೋಫಿಲಿಯಾ ಅಥವಾ ಸ್ನಾಯುಕ್ಷಯ ಮಾತ್ರವೇ ಇರುವವನಿಗೆ ಸರ್ಕಾರದ ಪ್ರಮಾಣಪತ್ರವುಂಟು, ನಿರಾಮಯವಿಲ್ಲ!

ಮತ್ತೊಂದು ತೊಡಕು, ಮೊದಲು ಸ್ವಂತ ಹಣ ತೆತ್ತು ಬಳಿಕ ಮರುಪಾವತಿಗೆ ಕಾಯುವುದು. ಕೂಲಿಯಿಂದ ಬದುಕುವ ತಂದೆತಾಯಿಗಳು ಆ ಮೊದಲ ಹಣವನ್ನು ಎಲ್ಲಿಂದ ತರಬೇಕು? ಔಷಧದಾನಕ್ಕೆಂದು ನಿಧಿಯಿರಿಸಿರುವ ಬಸದಿಯ ಟ್ರಸ್ಟುಗಳು ಈ ನಡುವಿನ ಅವಧಿಗೆ ಮುಂಗಡ ನೀಡಬಹುದು. ವಿಮೆಯ ಹಣ ಬಂದೊಡನೆ ಅದು ನಿಧಿಗೇ ಮರಳುತ್ತದೆ.